ಝೊಹ್ರಾ ಹಿಡಿದ ಪಟ್ಟೆ

"ನಿನ್ನ ಕೈ ಇರೋದು ಪಿಪೆಟ್ ಹಿಡಿಯೋಕಲ್ಲ ಕಣೋ, ಟಯರ್ ಬಿಚ್ಚೋಕೆ! ಹೋಗು, ನಿಮ್ಮಪ್ಪನ ಅಂಗಡೀಲಿ ಕೂತ್ಕೋ!"

ಪ್ರೊಫೆಸರ್ ಮೊಂಜಿ ಹೀಗಂದಾಗ ವಾರದ ಮೀಟಿಂಗಿಗೆ ಲ್ಯಾಬಿನವರೆಲ್ಲ ಬಂದು ಕೂತಿದ್ದರು. ಯಾರೋ ಕಿಸಕ್ಕನೆ ನಕ್ಕರು. ನೌಫಲ್ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಿದ್ದಿದ್ದ ತನ್ನ ಪ್ರಯೋಗದ ಚಿತ್ರದ ಪಕ್ಕ ನಿಂತೇ ಇದ್ದ. ಕಿವಿ ಕಾದ ಹೆಂಚಾಗಿತ್ತು.

ಸ್ಫಾಕ್ಸ್ ಪಟ್ಟಣದ ಆ ಲ್ಯಾಬಿನಲ್ಲಿ ಝೊಹ್ರಾ ಅಂದರೆ ಹೆಂಗಸಲ್ಲ, ಒಂದು ಆಂಟಿಬಾಡಿ. ಬಿಳಿ ಇಲಿಯ ಒಂದೇ ಒಂದು ಕೋಶದ ಸಂತಾನದಿಂದ ಮೊಂಜಿಯೇ ಅದನ್ನು ತೆಗೆದಿದ್ದ, ತೀರಿಹೋದ ತನ್ನ ತಾಯಿಯ ಹೆಸರಿಟ್ಟಿದ್ದ. ಗೆಡ್ಡೆಯ ಕೋಶದಲ್ಲಿರುವ ಒಂದು ಪ್ರೋಟೀನಿಗೆ ಫಾಸ್ಫೇಟ್ ಅಂಟಿದ್ದರೆ ಮಾತ್ರ ಝೊಹ್ರಾ ಅದನ್ನು ಹಿಡಿಯುತ್ತಾಳೆ, ಫಿಲ್ಮಿನ ಮೇಲೆ ಕಪ್ಪು ಪಟ್ಟೆ ಮೂಡುತ್ತದೆ. ಫಾಸ್ಫೇಟ್ ಇಲ್ಲವೋ, ಮೂಸಿಯೂ ನೋಡಲ್ಲ. ಹಾಗಂತ ಮೊಂಜಿಯ ಮಾತು. "ಪ್ಯಾರಿಸಿನವರ ಮುಂದೆ ಕೈಯೊಡ್ಡಲಿಲ್ಲ, ನಾವೇ ಮಾಡ್ಕೊಂಡ್ವಿ" ಅಂತ ಬಂದವರ ಮುಂದೆಲ್ಲ ಎದೆಯುಬ್ಬಿಸುತ್ತಿದ್ದ.

ನೌಫಲ್ ಡಾಕ್ಟರೇಟ್ ಪಡೆಯೋದಕ್ಕೆ ಆ ಮನುಷ್ಯನ ಸಹಿಯೊಂದೇ ಬಾಕಿ. ಅಷ್ಟರಲ್ಲಿ ಸುಮ್ಮನಿರಲಾರದೆ ಇನ್ನೊಂದು ಪರೀಕ್ಷೆ ಮಾಡಿದ. ಫಾಸ್ಫೇಟನ್ನು ಕಿತ್ತುಹಾಕುವ ಕಿಣ್ವ ಬೆರೆಸಿದ. ಝೊಹ್ರಾಳ ಪಟ್ಟೆ ಮಾಯವಾಗಬೇಕಿತ್ತು. ಆಗಲಿಲ್ಲ. ಕಿಣ್ವವೇ ಕೆಟ್ಟಿರಬೇಕು ಅಂತ, ಫಾಸ್ಫೇಟ್ ಇದ್ದರೆ ಮಾತ್ರ ಹಿಡಿಯುವ ಬೇರೊಂದು ಆಂಟಿಬಾಡಿ ಹಾಕಿ ನೋಡಿದ, ಅದರ ಪಟ್ಟೆ ಅಳಿಸಿಹೋಯಿತು; ಕಿಣ್ವ ಸರಿಯಾಗೇ ಇತ್ತು. ಕೊನೆಗೆ ತನ್ನ ಕೈಯನ್ನೇ ನಂಬದೆ ಪಕ್ಕದ ಮೇಜಿನ ರೀಮ್‌ಳನ್ನು ಕರೆದ. ಅವಳೂ ಮಾಡಿದಳು. ಝೊಹ್ರಾಳ ಪಟ್ಟೆ ಕಲ್ಲಿನ ಹಾಗೆ ಕೂತೇ ಇತ್ತು. ಅಂದರೆ ಫಾಸ್ಫೇಟ್ ಇದ್ದರೂ ಒಂದೇ, ಬಿಟ್ಟರೂ ಒಂದೇ. ಆ ಪಟ್ಟೆ ನಂಬಿ ಇಷ್ಟು ವರ್ಷ ಬರೆದದ್ದೆಲ್ಲ ನೀರುಪಾಲು.

"ಮೊಂಜಿ ಸರ್, ನನ್ನ ಕೈ ವಿಷಯ ಬಿಡಿ," ಅಂದ ನೌಫಲ್. "ರೀಮ್ ಕೂಡ ಮಾಡಿದಾಳೆ. ಅವಳನ್ನೇ ಕೇಳಿ."

ಎಲ್ಲರೂ ರೀಮ್ ಕಡೆ ತಿರುಗಿದರು. ಅವಳ ಪ್ರಬಂಧ ಅಚ್ಚಾಗಿ ಬಂದಿತ್ತು, ಅದರ ತುಂಬ ಝೊಹ್ರಾಳೇ ಇದ್ದಳು.

"ನಾನು... ಅಷ್ಟು ಸರಿಯಾಗಿ ನೋಡ್ಲಿಲ್ಲ," ಅಂದಳು, ಕಾಫಿ ಲೋಟಕ್ಕೆ ಹೇಳುವ ಹಾಗೆ.

"ಕೇಳಿಸ್ತಾ? ನಮ್ಮಮ್ಮ ಸುಳ್ಳಿ, ಈ ಮಹಾನುಭಾವ ಒಬ್ಬನೇ ಸತ್ಯವಂತ!"

ಈ ಸಲ ಎಲ್ಲರೂ ನಕ್ಕರು. ನಗು ನೋಡಿ ಮೊಂಜಿ ಮೆತ್ತಗಾದ.

"ನೋಡು ಮಗನೆ, ನಾನೇನು ಕಟುಕ ಅಲ್ಲ. 'ತಪ್ಪು ನನ್ನ ಕೈದು' ಅಂತ ಇವರೆದುರಿಗೆ ಒಂದು ಮಾತು ಹೇಳಿಬಿಡು. ನಾಳೆ ಸಹಿ ಹಾಕ್ತೀನಿ. ನಿಮ್ಮಮ್ಮ ಬೀದಿಗೆಲ್ಲ ಸಿಹಿ ಹಂಚಲಿ."

ಮಾತು ನಾಲಗೆ ತುದಿಗೆ ಬಂದಿತ್ತು, ಆ ಸುಳ್ಳಿಗೂ ನೌಫಲ್‌ಗೂ ನಡುವೆ ಗೋಡೆಯಿಂದ ಬಾಗಿಲಿಗಿರುವಷ್ಟು ದೂರವೂ ಇರಲಿಲ್ಲ. ಹೇಳಿದರೆ ಡಾಕ್ಟರ್. ಮುಂದಿನ ವರ್ಷ ಹೊಸ ಹುಡುಗಿಯೊಬ್ಬಳು ಬರುತ್ತಾಳೆ, ಅವಳ ಕೈಗೂ ಝೊಹ್ರಾಳ ಇದೇ ಟ್ಯೂಬ್ ಕೊಡುತ್ತಾರೆ, ಅವಳ ಹರೆಯವನ್ನೂ ಇದಕ್ಕೇ ಸುರಿಯುತ್ತಾರೆ. ಆಗಲೂ ಇವರು ಹೀಗೇ ನಗುತ್ತಾರೆ.

ಅವನು ಕಂಪ್ಯೂಟರಿನಿಂದ ಪೆನ್‌ಡ್ರೈವ್ ಕಿತ್ತು ಜೇಬಿಗಿಟ್ಟ. ಗೋಡೆ ಬೆಳ್ಳಗಾಯಿತು.

"ಎಲ್ಲಿಗೋ? ಹೇಳಿ ಹೋಗೋ, ಕತ್ತೆ! ಈ ಬಾಗಿಲು ದಾಟಿದ್ಯೋ, ಸಹಿ ಮರೆತುಬಿಡು!"

ದಾರಿಗೆ ರೀಮ್ ಕುರ್ಚಿ ಅಡ್ಡವಿತ್ತು. ಅವಳು ತಲೆಯೆತ್ತದೆ, ಅವನಿಗೆ ಹೋಗೋಕೆ ಜಾಗ ಆಗಲಿ ಅಂತ ಕುರ್ಚಿಯನ್ನು ಒಳಗೆಳೆದುಕೊಂಡಳು. ನೌಫಲ್ ಅವಳ ಹಿಂದಿನಿಂದ ದಾಟಿ, ಬಾಗಿಲು ತೆಗೆದು, ಮೆಟ್ಟಿಲಿಳಿದು ಹೋದ.