ಅಮ್ಮ ಹತ್ತಿದ ದಿನದ ವಾಯುಭಾರ

ಕೀರ್ತಿರಾಜ್ ಅವರ, ಕ್ವಾಲಾಲಂಪುರದ ಮಾಂಟ್ ಕಿಯಾರಾ ಬಡಾವಣೆಯ ಮನೆಯ ಗೋಡೆಯಲ್ಲಿ ಹಿತ್ತಾಳೆಯ ಒಂದು ವಾಯುಭಾರಮಾಪಕವಿದೆ. ಕೆನಡಾದಲ್ಲಿ ಹನ್ನೊಂದು ವರ್ಷ ಎಂಜಿನಿಯರ್ ಆಗಿದ್ದಾಗ ಕೊಂಡದ್ದು. ಅಲ್ಲಿನ ನದಿಗಳಲ್ಲಿ ಸಾಲ್ಮನ್ ಹಿಡಿಯುವವರಿಂದ ಅವರು ಕಲಿತು ಬಂದ ಸೂತ್ರ ಸರಳ: ಮುಳ್ಳು ಇಳಿಯುತ್ತಿದ್ದರೆ ಮೀನು ಗಾಳ ಕಚ್ಚುತ್ತದೆ, ಏರುತ್ತಿದ್ದರೆ ಬಾಯಿ ಮುಚ್ಚಿಕೊಳ್ಳುತ್ತದೆ.

ಕ್ವಾಲಾಲಂಪುರದ ಸುತ್ತಮುತ್ತ ಇರುವ ನಾವು ಆರು ಮಂದಿ ಕನ್ನಡಿಗರು ಸೇರಿ ಮಾಡಿಕೊಂಡ ಗಾಳದ ಬಳಗಕ್ಕೆ ಅವರೇ ಹಿರಿಯರು. ತಿಂಗಳಿಗೆ ಎರಡು ಭಾನುವಾರ ಕ್ವಾಲಾ ಸೆಲಾಂಗೊರ್‌ನಲ್ಲಿ ದೋಣಿ ಹತ್ತಿ ನದಿ ಸಮುದ್ರಕ್ಕೆ ಸೇರುವ ಕಡೆ ಹೋಗುತ್ತೇವೆ. ನಾವು ಹುಡುಕುವ ಮೀನಿಗೆ ಇಲ್ಲಿಯವರು ಸೆನಾಂಗಿನ್ ಎನ್ನುತ್ತಾರೆ. ನಮ್ಮ ಕರಾವಳಿಯಲ್ಲಿ ಅದು ರಾವಸ. ದೊಡ್ಡ ಅಂಗಡಿಗಳ ಫಲಕದಲ್ಲಿ ಇಂಡಿಯನ್ ಸಾಲ್ಮನ್. ನಿಜವಾದ ಸಾಲ್ಮನ್‌ಗೂ ಇದಕ್ಕೂ ದೂರದ ನೆಂಟಸ್ತಿಕೆಯೂ ಇಲ್ಲ. ಆದರೆ ಹೆಸರಿನ ಜೊತೆಗೆ ಕೀರ್ತಿರಾಜ್ ಸೂತ್ರವನ್ನೂ ಇದಕ್ಕೆ ಅಂಟಿಸಿದ್ದರು. ಹಿಂದಿನ ಶನಿವಾರ ಸಂಜೆ ಬಳಗದ ಫೋನಿನ ಗುಂಪಿಗೆ ಅವರ ಸಂದೇಶ ಬರುತ್ತಿತ್ತು: ನಾಳೆ ಹತ್ತರ ನಂತರ ಇಳಿತ, ಹೊರಡೋಣ.

ನಾನು ಪೆಟಾಲಿಂಗ್ ಜಯಾದಲ್ಲಿದ್ದೇನೆ, ವೈದ್ಯಕೀಯ ಕಾಲೇಜೊಂದರಲ್ಲಿ ಶರೀರಕ್ರಿಯಾ ವಿಜ್ಞಾನ ಕಲಿಸುತ್ತೇನೆ. ಅಳೆಯದೆ ನಂಬುವುದು ನನ್ನಿಂದಾಗದು. ಮೊದಲ ಪ್ರಯಾಣದಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಇಟ್ಟಿದ್ದೆ: ದಿನಾಂಕ, ಉಬ್ಬರದ ಹೊತ್ತು, ಆರು ಗಂಟೆಯ ವಾಯುಭಾರ, ಹತ್ತು ಗಂಟೆಯ ವಾಯುಭಾರ, ಸಿಕ್ಕ ಮೀನು. ಮೂವತ್ತೊಂದು ಸಾಲು ತುಂಬುವ ಹೊತ್ತಿಗೆ ಒಂದು ವಿಷಯ ಸ್ಪಷ್ಟವಾಗಿತ್ತು. ಸಮಭಾಜಕ ವೃತ್ತದ ಬಳಿಯ ಈ ನಾಡಿನಲ್ಲಿ ಸಮುದ್ರದಂತೆ ಗಾಳಿಗೂ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಬೆಳಗಿನ ಹತ್ತರ ತನಕ ವಾಯುಭಾರ ಏರುತ್ತದೆ, ಅಲ್ಲಿಂದ ಸಂಜೆ ನಾಲ್ಕರವರೆಗೆ ಇಳಿಯುತ್ತದೆ. ಮಳೆಯಿರಲಿ, ಬಿಸಿಲಿರಲಿ, ಹೆಚ್ಚುಕಡಿಮೆ ದಿನವೂ ಹೀಗೇ. ಕೀರ್ತಿರಾಜ್ ಅವರ ಮುಳ್ಳು ಹೇಳುತ್ತಿದ್ದುದು ಗಡಿಯಾರವೂ ಹೇಳುವಂಥದ್ದನ್ನು. ಆ ಏರಿಳಿತವಾದರೂ ಎಷ್ಟು? ನೀರಿನಲ್ಲಿ ಎರಡು ಬೆರಳಿನ ಅಗಲ ಕೆಳಗಿಳಿದರೆ ಮೀನಿನ ಮೈಮೇಲೆ ಅಷ್ಟು ಒತ್ತಡ ಹೆಚ್ಚುತ್ತದೆ. ಅಲೆಯೊಂದು ಮೇಲೆ ಹಾದುಹೋದರೆ ಸಾಕು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹಿರಿಯರು, ಅವರ ಸಂತೋಷ ಅವರಿಗೆ ಎಂದು ಸುಮ್ಮನಿದ್ದೆ.

ಆ ಸಲ ಅಮ್ಮ ಬಂದಿದ್ದಳು. ಹೆಸರು ಗುಲಾಬಿ, ಊರು ಗಂಗೊಳ್ಳಿ, ಅರವತ್ತೇಳು ವರ್ಷ. ನಲವತ್ತು ವರ್ಷ ಕುಂದಾಪುರದ ಪೇಟೆಯಲ್ಲಿ ಮೀನು ಮಾರಿ ನನ್ನನ್ನು ಓದಿಸಿದವಳು. ಕಿವಿರು ಎತ್ತಿ ನೋಡಿದರೆ ಮೀನು ಯಾವ ಹೊತ್ತಿನದೆಂದು ಹೇಳಬಲ್ಲಳು. ಆದರೆ ಮೀನಿನ ದೋಣಿಯನ್ನು ಒಮ್ಮೆಯೂ ಹತ್ತಿದವಳಲ್ಲ. ಅವಳ ಕಾಲದಲ್ಲಿ ಹೆಂಗಸಿನ ಕಾಲು ತಾಗಿದ ದೋಣಿಗೆ ಮೀನು ಬೀಳುವುದಿಲ್ಲ ಎಂಬ ಮಾತಿತ್ತು. ದೋಣಿ ದಡಕ್ಕೆ ಬರುವವರೆಗೆ ಮರಳಲ್ಲಿ ನಿಂತು ಕಾಯುವುದು, ಬಂದ ಮೇಲೆ ಬುಟ್ಟಿ ಹೊರುವುದು, ಅಷ್ಟೇ ಅವಳ ಪಾಲು. ಸೋಮವಾರ ಅವಳಿಗೆ ಊರಿಗೆ ವಿಮಾನ. ಬಂದ ದಿನದಿಂದ ಒಂದನ್ನೇ ಕೇಳಿದ್ದಳು: ಮೀನು ಎಲ್ಲಿಂದ ಬರುತ್ತದೆಂದು ಒಮ್ಮೆ ಕಣ್ಣಾರೆ ನೋಡಬೇಕು. ಉಳಿದಿದ್ದುದು ಆ ಭಾನುವಾರ ಒಂದೇ. ಗುಂಪಿನಲ್ಲಿ ಅಮ್ಮನ ಹೆಸರು ಬರೆದೆ.

ಶನಿವಾರ ಸಂಜೆ ಎಂದಿನಂತೆ ನಮ್ಮ ಬಡಾವಣೆಯ ಮಾಮಕ್, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ ಕೂತೆವು. ಉಳಿದ ನಾಲ್ವರು ಬಂದಿರಲಿಲ್ಲ; ಅಮ್ಮ ನನ್ನ ಪಕ್ಕದಲ್ಲಿದ್ದಳು. ಕೀರ್ತಿರಾಜ್ ತೆ ತಾರಿಕ್ ಚಹಾದ ಲೋಟವನ್ನು ತಿರುಗಿಸುತ್ತ, ನಾಳೆಯ ಪ್ರಯಾಣ ಕ್ಯಾನ್ಸಲ್ ಎಂದರು.

"ಪ್ರೆಶರ್ ಸರಿ ಇಲ್ಲ ಕಾರ್ತಿಕ್. ಬೆಳಿಗ್ಗೆಯಿಂದ ಹತ್ತರ ತನಕ ರೈಸಿಂಗ್. ಒಂದು ಮೀನೂ ಕಚ್ಚಲ್ಲ. ಸುಮ್ಮನೆ ಅಮ್ಮನಿಗೂ ಯಾಕೆ ತೊಂದರೆ."

ಮೂವತ್ತೊಂದು ಭಾನುವಾರಗಳಲ್ಲೂ ಹತ್ತರ ತನಕ ಅದು ಏರಿತ್ತು. ಅದೇ ಗೆರೆಯ ಇಳಿಯುವ ತುದಿಯನ್ನು ತೋರಿಸಿ ಅವರು ನಮ್ಮನ್ನು ಹೊರಡಿಸುತ್ತಿದ್ದರು. ಇಂದು ಏರುವ ತುದಿಯನ್ನು ತೋರಿಸಿ ನಿಲ್ಲಿಸುತ್ತಿದ್ದರು. ಅವರ ಊರು ಕಾಪು, ನಮ್ಮದೇ ಕರಾವಳಿ. ದೋಣಿ ಮತ್ತು ಹೆಂಗಸಿನ ಮಾತು ಅವರಿಗೆ ಗೊತ್ತಿಲ್ಲದ್ದಲ್ಲ. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ; ಹಿತ್ತಾಳೆಯ ಯಂತ್ರದ ಬಾಯಿಂದ ಹೇಳಿಸಿದರೆ ವಿಜ್ಞಾನ.

ನಾನು ನೋಟ್‌ಬುಕ್ ತೆಗೆಯುವ ಮೊದಲೇ ಅಮ್ಮ ಕೇಳಿದಳು. ದನಿ ಎತ್ತರಿಸಲಿಲ್ಲ, ಪೇಟೆಯಲ್ಲಿ ಚೌಕಾಸಿ ಮಾಡುವವರನ್ನು ನೋಡುವ ಹಾಗೆ ನೋಡಿದಳು.

"ಹ್ವಾಯ್, ನಾ ಬಪ್ಪುದು ನಿಮ್ಮ ಯಂತ್ರಕ್ಕೆ ಹ್ಯಾಂಗೆ ಗೊತ್ತಾಯ್ತ್?"

ಕೀರ್ತಿರಾಜ್ ನಕ್ಕರು, ನಗು ಪೂರ್ತಿಯಾಗಲಿಲ್ಲ. "ಹಾಗಲ್ಲಮ್ಮ, ಇದು ಸೈನ್ಸ್."

ನಾನು ನೋಟ್‌ಬುಕ್ ಅವರ ಮುಂದೆ ಬಿಚ್ಚಿಟ್ಟೆ, ವಾಯುಭಾರದ ಎರಡು ಕಾಲಂಗಳ ಮೇಲೆ ಬೆರಳಿಟ್ಟೆ. ಓದಿದರು. ಎರಡನೇ ಪುಟ ತಿರುಗಿಸಲಿಲ್ಲ. ನೋಟ್‌ಬುಕ್ಕನ್ನು ನನ್ನತ್ತ ತಳ್ಳಿ, ಹೋಗುವುದಾದರೆ ಹೋಗು, ಬಳಗದ ಹೆಸರಿನಲ್ಲಿ ಬೇಡ, ನಾಳೆ ಖಾಲಿ ಕೈಯಲ್ಲಿ ಬಂದರೆ ಮಾತು ಯಾರ ಮೇಲೆ ಬರುತ್ತದೆಂದು ನಿನಗೇ ಗೊತ್ತು ಎಂದರು. ಅಲ್ಲಿಗೆ ವಾಯುಭಾರದ ನೆಪ ಮುಗಿದಿತ್ತು. ಹೋಗುತ್ತೇವೆ ಸರ್ ಎಂದೆ.

ಮನೆಯಲ್ಲಿ ಶರ್ಮಿಳಾ, ನನ್ನ ಹೆಂಡತಿ, ಎಲ್ಲವನ್ನೂ ಕೇಳಿಸಿಕೊಂಡು ಅದೇ ನೋಟ್‌ಬುಕ್ ತಿರುವಿಹಾಕಿದಳು. "ಒಂದೂವರೆ ವರ್ಷ ಬರೆದಿದ್ದೀರಿ. ದೋಣಿಯಲ್ಲಿ ಯಾರಿದ್ದರು ಅನ್ನೋ ಕಾಲಂ ಎಲ್ಲಿದೆ? ನನ್ನನ್ನ ಒಂದು ದಿನ ಕರೆದಿದ್ದೀರಾ?" ಅವಳಿಗೆ ಭಾನುವಾರ ಆಸ್ಪತ್ರೆಯಲ್ಲಿ ಡ್ಯೂಟಿ; ಇಲ್ಲವಾದರೆ ಅವಳೂ ಹೊರಡುತ್ತಿದ್ದಳು.

ಹಟಕ್ಕೂ ಒಂದು ಲೆಕ್ಕಾಚಾರ ಇರಬೇಕು. ಬೆಳಿಗ್ಗೆ ಐದಕ್ಕೆ ಎದ್ದು ಹವಾಮಾನ ಇಲಾಖೆಯ ರಾಡಾರ್ ಚಿತ್ರ ನೋಡಿದೆ. ಸುಮಾತ್ರಾ ಕಡೆಯಿಂದ ಮುಂಜಾನೆ ಒಮ್ಮೊಮ್ಮೆ ಬಿರುಗಾಳಿಯ ಸಾಲು ಬರುತ್ತದೆ. ಅದು ಬಂದರೆ ದೋಣಿ ಹೊರಡಬಾರದು. ಇಲ್ಲಿ ಹೆದರಬೇಕಾದದ್ದು ಅದಕ್ಕೆ. ಚಿತ್ರ ಖಾಲಿಯಿತ್ತು. ಗಾಳಿಯ ಎಚ್ಚರಿಕೆಯೂ ಇರಲಿಲ್ಲ. ದೋಣಿಯ ಯಜಮಾನ ಪಾಕ್ ದಿನ್‌ಗೆ ಫೋನ್ ಮಾಡಿದರೆ ಅವರು ಕೇಳಿದ್ದು ಒಂದೇ: ನಿನ್ನ ತಾಯಿಗೆ ವಾಂತಿಯಾಗುತ್ತದೆಯೇ?

ಏಳು ಗಂಟೆಗೆ ಜೆಟ್ಟಿಯಲ್ಲಿ ಅಮ್ಮ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಳು. ಪಾಕ್ ದಿನ್ ಕೈ ಚಾಚಿದರು. ಅವಳು ಒಂದು ಕ್ಷಣ ದೋಣಿಯ ಅಂಚನ್ನೇ ನೋಡುತ್ತ ನಿಂತಳು. ಆಮೇಲೆ ಬಲಗಾಲನ್ನು, ಗಟ್ಟಿಯಾಗಿ, ಹಲಗೆಯ ಮೇಲೆ ಊರಿದಳು. ಲೈಫ್ ಜಾಕೆಟ್ ಹಾಕಿಸಿದಾಗ, ಇದರೊಳಗೆ ನಾನು ಬಲೆಗೆ ಬಿದ್ದ ಆಮೆಯಂತೆ ಕಾಣುತ್ತೇನೆ ಎಂದಳು.

ಅಳಿವೆ ದಾಟಿ ಲಂಗರು ಹಾಕಿದೆವು. ಜೀವಂತ ಸೀಗಡಿ ಚುಚ್ಚಿ ಗಾಳ ಇಳಿಸಿದೆವು. ಅಮ್ಮ ನನ್ನಿಂದ ಗಾಳದ ಕೋಲು ಇಸಿದುಕೊಂಡಳು. ಆರು ಗಂಟೆಗೆ 1008 ಮಿಲಿಬಾರ್ ಇದ್ದ ವಾಯುಭಾರ ಹತ್ತಕ್ಕೆ 1010 ಆಯಿತು, ಆಮೇಲೆ ಇಳಿಯತೊಡಗಿತು. ಏರುವಾಗ ಮೀನು ಕಚ್ಚಲಿಲ್ಲ. ಇಳಿಯುವಾಗಲೂ ಕಚ್ಚಲಿಲ್ಲ. ಜಾಗ ಎರಡು ಸಲ ಬದಲಿಸಿದೆವು. ಅಮ್ಮ ಕೋಲು ಬಿಡದೆ ನೀರಿನತ್ತ ತಿರುಗಿ ಕೂತಳು. ಅವಳ ಬೆನ್ನು ನೋಡುತ್ತ ಅವಳು ಏನು ಯೋಚಿಸುತ್ತಿದ್ದಾಳೆಂದು ನನಗೆ ಗೊತ್ತಾಗುತ್ತಿತ್ತು. ಒಂದೇ ಒಂದು ಮೀನು ಸಾಕು ಎಂದು ನಾನೂ ಬೇಡಿಕೊಂಡೆ. ಒಂದು ದಿನದ ಮೀನಿನಿಂದ ಏನೂ ಸಾಬೀತಾಗುವುದಿಲ್ಲ ಎಂದು ತಿಳಿದೂ ಬೇಡಿಕೊಂಡೆ.

ಹನ್ನೆರಡಕ್ಕೆ ಖಾಲಿ ಪೆಟ್ಟಿಗೆಯೊಂದಿಗೆ ಜೆಟ್ಟಿಗೆ ಮರಳಿದೆವು. ಫೋನಿಗೆ ಸಿಗ್ನಲ್ ಬರುತ್ತಲೇ ಗುಂಪಿನಲ್ಲಿ ಕೀರ್ತಿರಾಜ್ ಅವರ ಪ್ರಶ್ನೆ ಕಾಣಿಸಿತು: ಎಷ್ಟು?

ಜೆಟ್ಟಿಯ ಪಕ್ಕದ ಅಂಗಡಿಯಲ್ಲಿ ಮಂಜುಗಡ್ಡೆಯ ಮೇಲೆ ನಾಲ್ಕು ಒಳ್ಳೆಯ ಸೆನಾಂಗಿನ್ ಇದ್ದವು. ಪಾಕ್ ದಿನ್ ಕಣ್ಣು ಮಿಟುಕಿಸಿ ಅವನ್ನು ತೋರಿಸಿದರು. ಪಟ್ಟಣದ ಗಿರಾಕಿಗಳು ಹೀಗೆ ಕೊಂಡು ಫೋಟೋ ತೆಗೆಸಿಕೊಂಡು ಹೋಗುವುದು ಅವರಿಗೆ ಹೊಸದಲ್ಲ. ಅಳತೆಯ ಮನುಷ್ಯನಾದ ನಾನು, ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ, ಪರ್ಸಿಗೆ ಕೈ ಹಾಕಿದೆ. ಅಮ್ಮನ ಕೈಗೆ ಒಂದು ಮೀನು ಕೊಟ್ಟು ದೋಣಿಯ ಪಕ್ಕ ನಿಲ್ಲಿಸಿದರೆ ಯಾರಿಗೆ ಗೊತ್ತಾದೀತು?

ಅಮ್ಮ ಬಗ್ಗಿ ಒಂದರ ಕಿವಿರು ಎತ್ತಿ ನೋಡಿದಳು, ಬಿಟ್ಟಳು.

"ನಿನ್ನೆದ್ ಇದ್. ನಿನ್ನೆ ಮೀನ್ ಇವತ್ತಿಂದ್ ಅಂದೇಳಿ ನಾ ಒಂದ್ ದಿನವೂ ಮಾರ್ಲಿಲ್ಲ. ಇವತ್ತ್ ಮಾರುದಾ?"

ಅಮ್ಮ, ಖಾಲಿ ಅಂದರೆ ನಿನ್ನ ಮೇಲೆ ಹಾಕುತ್ತಾರೆ ಎಂದೆ.

"ಹಾಕ್ಲಿ. ನಲವತ್ತ್ ವರ್ಷ ಮರಳ ಮೇಲೆ ಕಾದಿದ್ದೆ ಮಗಾ. ಎಷ್ಟ್ ಸಲ ಗಂಡ್ಸ್ರ್ ಖಾಲಿ ದೋಣಿ ತಕಂಡ್ ಬಂದ್ರ್, ಲೆಕ್ಕ ಇಲ್ಲೆ. ಆಗ ದೋಣಿಯೊಳ್ಗೆ ಯಾವ ಹೆಂಗ್ಸ್ ಕೂತಿದ್ಲ್?" ಸೆರಗಿನಿಂದ ಕೈ ಒರೆಸಿಕೊಂಡಳು. "ಬರಿ ನೀನ್. ಗುಲಾಬಿ ದೋಣಿ ಹತ್ತಿದ್ಲ್. ಮೀನ್ ಸಿಕ್ಕಲಿಲ್ಲ. ದೋಣಿ ಮುಳುಗ್ಲಿಲ್ಲ. ಹಾಂಗೇ ಬರಿ."

ಒಂದಕ್ಷರ ಬದಲಿಸದೆ ಗುಂಪಿಗೆ ಹಾಗೇ ಬರೆದೆ. ಆಮೇಲೆ ಹಳೆಯ ಮೂವತ್ತೊಂದು ಸಾಲುಗಳಲ್ಲಿ ಬರಿಗೈಯ ದಿನಗಳನ್ನು ಎಣಿಸಿದೆ. ಒಂಬತ್ತಿದ್ದವು, ಒಂಬತ್ತರಲ್ಲೂ ದೋಣಿಯಲ್ಲಿ ಗಂಡಸರಷ್ಟೇ. ಆ ಪುಟದ ಫೋಟೋವನ್ನೂ ಕೆಳಗೆ ಸೇರಿಸಿದೆ. ಕೀರ್ತಿರಾಜ್ ನೋಡಿದರೆಂದು ಫೋನ್ ತೋರಿಸಿತು.

ನೋಟ್‌ಬುಕ್ಕಿನ ಅಂಚಿನಲ್ಲಿ ಹೊಸದೊಂದು ಗೆರೆ ಎಳೆದು, ದೋಣಿಯಲ್ಲಿ ಇದ್ದವರು ಎಂದು ಬರೆದೆ. ಮೂವತ್ತೆರಡನೇ ಸಾಲಿನಲ್ಲಿ ಮೀನಿನ ಜಾಗಕ್ಕೆ ಸೊನ್ನೆ ಹಾಕಿ, ಅದರ ಪಕ್ಕದಲ್ಲಿ ಅಮ್ಮನ ಹೆಸರು ಬರೆಯುವಷ್ಟರಲ್ಲಿ ಅವಳು ಪಾಕ್ ದಿನ್ ಬಳಿ ನಿಂತು, ಅವರಿಗೆ ತಿಳಿಯದ ಕನ್ನಡದಲ್ಲಿ, ಸಂಜೆಯ ನೀರಿನ ಇಳಿತಕ್ಕೆ ಇನ್ನೊಂದು ಸಲ ಹೋಗಬಹುದೇ ಎಂದು ಕೇಳುತ್ತ ಕೈಸನ್ನೆ ಮಾಡುತ್ತಿದ್ದಳು. ಅವರು ನನ್ನತ್ತ ನೋಡಿದರು. ನಾನು ಮೊದಲು ರಾಡಾರ್ ನೋಡಿದೆ, ಆಮೇಲೆ ಆಗಲಿ ಎಂದು ತಲೆಯಾಡಿಸಿದೆ.

ಅಮ್ಮ ಆಗಲೇ ಚಪ್ಪಲಿ ಕಳಚಿದ್ದಳು.