ಪೈರಿನ ದಾರ

ಸುಗ್ಗಿಯ ಗೊಂಬೆಯಾಟದಲ್ಲಿ ಪೈರು ಕೊಯ್ಯುವ ಗೊಂಬೆಯನ್ನು ಆಡಿಸುವುದು ಮೊದಲಿನಿಂದಲೂ ಅಕ್ಕ. ಪೈರನ್ನು ಮೇಲಿನಿಂದ ಎತ್ತಿ ನಿಲ್ಲಿಸುವ ದಾರ ತಂಗಿಯ ಕೈಯಲ್ಲಿ. ಕುಡುಗೋಲು ತಾಗಿದ ಕೂಡಲೇ ಅವಳು ದಾರ ಬಿಡಬೇಕು, ಪೈರು ಬೀಳಬೇಕು.

ಈ ವರ್ಷ ಅಕ್ಕನ ಕೈ ನಡುಗುತ್ತಿತ್ತು. ಗೊಂಬೆಯನ್ನು ತನಗೆ ಕೊಡು ಎಂದು ತಂಗಿ ಕೇಳಿದ್ದಳು.

"ನಾನಿನ್ನೂ ಸತ್ತಿಲ್ಲ ಕಣೇ. ಗುರಿ ತಪ್ಪಿದ್ರೆ ಪೈರು ಬೀಳಿಸಬೇಡ. ನಿನ್ನ ಭಿಕ್ಷೆ ನಂಗೆ ಬೇಡ," ಎಂದಿದ್ದಳು ಅಕ್ಕ.

ಪರದೆ ಸರಿಯಿತು. ಕುಡುಗೋಲು ಪೈರಿನಿಂದ ಗೇಣು ದೂರದಲ್ಲಿ ಬರೀ ಗಾಳಿಯನ್ನು ಕೊಯ್ದಿತು. ತಂಗಿ ದಾರ ಬಿಡಲಿಲ್ಲ. ಎರಡನೇ ಸಲವೂ ತಪ್ಪಿತು.

"ಸಾಣೆ ಹಿಡಿಸ್ಕೊಂಡು ಬಾರಯ್ಯಾ!" ಎಂದು ಯಾರೋ ಕೂಗಿದರು. ಸಭೆಯೆಲ್ಲ ನಕ್ಕಿತು.

ಅಕ್ಕ ಗೊಂಬೆಯನ್ನು ಕೂರಿಸಿ, ಅದರ ಕೈಯಿಂದ ಹಣೆಯ ಬೆವರು ಒರೆಸಿದಂತೆ ಮಾಡಿದಳು. ಆಮೇಲೆ ಸೂತ್ರಗಳನ್ನು ತಂಗಿಯತ್ತ ಚಾಚಿದಳು.

"ಹಿಡ್ಕೋ. ಆ ದಾರ ಇತ್ತ ಕೊಡು."

"ಆಮೇಲೆ ಬೈಬಾರ್ದು, ಅಕ್ಕಾ."

"ಬೈಯೋದು ಆಟ ಮುಗಿದ ಮೇಲೆ. ಈಗ ಕೊಯ್ಯೇ!"

ಗೊಂಬೆ ಎದ್ದಿತು. ಅಕ್ಕನ ಕೈಯಲ್ಲಿ ಪೈರು ಸಣ್ಣಗೆ ಓಲಾಡಿತು. ಗಾಳಿ ಬೀಸಿತೆಂದುಕೊಂಡು ಮುಂದಿನ ಸಾಲಿನವರು ನಗು ನಿಲ್ಲಿಸಿ ನೋಡಿದರು. ಕುಡುಗೋಲು ತಾಗಿತು. ಪೈರು ಬಿತ್ತು.