ಓಟಿನ ದಿನದ ಕುರುಡಿ

"ಥೂ, ನಿನ್ ಮೊಕಕ್ ಬೆಂಕಿ ಆಕ! ಕುರುಡಿ ಇಂಗ್ ನಡ್ದಳಾ? ತಡಕಾಡ್ಕಂಡ್ ಬಾರಮ್ಮಿ, ಮುಂಡೆ!"

ಅರಿಶಿನ ಹರವಿದ್ದ ಕಣದಲ್ಲಿ ನೀಲಕಂಠಸ್ವಾಮಿ ತನ್ನ ಕೂಲಿಯಾಳು ರಾಚಮ್ಮನನ್ನು ಮೂರನೇ ಸಲ ನಡೆಸಿ ನೋಡುತ್ತಿದ್ದ. ರಾಚಮ್ಮ ಕಣ್ಣು ಮುಚ್ಚಿ, ಕೈ ಚಾಚಿ, ಬೇಕಂತಲೇ ಹೋಗಿ ಅವನ ಬುಲೆಟ್ಟಿಗೆ ಡಿಕ್ಕಿ ಹೊಡೆದಳು.

"ಈಗ್ ಸರ್ಯಾಯ್ತಾ ಬುದ್ದಿ?"

"ಊ. ನಾಳಕೂ ಇಂಗೇ ಬಾ."

ಆ ಹೆಂಗಸಿನ ಕಣ್ಣಿಗೇನು ಧಾಡಿ! ಮೂಟೆ ಅರಿಶಿನದಲ್ಲಿ ಒಂದೇ ಒಂದು ಹುಳುಕು ಕೊಂಬಿದ್ದರೂ ಎತ್ತಿ ಎಸೆಯುವವಳು. ಓಟಿನ ದಿನ ಮಾತ್ರ ಕುರುಡಿ. ಅವಳವ್ವನ ಕಾಲದಲ್ಲಿ ಕಾಗದದ ಓಟು. ಸ್ವಾಮಿಯ ಅಪ್ಪ ಚೀಟಿ ಕಿತ್ತುಕೊಂಡು ತಾನೇ ಮುದ್ರೆ ಒತ್ತುತ್ತಿದ್ದ. ಮಿಷನ್ನು ಬಂತು, ಪೊಲೀಸರು ಬಂದರು, ಕಿತ್ತುಕೊಳ್ಳುವುದು ಕಷ್ಟವಾಯಿತು. ಸ್ವಾಮಿ ಯಾರನ್ನೋ ಕೇಳಿ ಕಾನೂನು ತಿಳಿದುಕೊಂಡ. ಕಣ್ಣಿಲ್ಲದವರ ಪರವಾಗಿ ಜೊತೆಗೆ ಬಂದವರು ಗುಂಡಿ ಒತ್ತಬಹುದಂತೆ, ಆದರೆ ಒಬ್ಬರು ಒಬ್ಬರಿಗೆ ಮಾತ್ರ. ಅದಕ್ಕೇನಂತೆ! ಹೆಂಡತಿ, ತಮ್ಮ, ಮಗ, ಸೊಸೆ ಎಲ್ಲರೂ ತಲೆಗೊಬ್ಬರಂತೆ ಆಳುಹೆಂಗಸರನ್ನು ಹಂಚಿಕೊಂಡರು. ಐದು ವರ್ಷಕ್ಕೊಮ್ಮೆ, ಒಂದೇ ದಿನ, ಕೇರಿಯ ಹೆಂಗಸರ ಕಣ್ಣು ಹೋಗತೊಡಗಿತು.

ಹಾಗೆ ನಾಲ್ಕು ಚುನಾವಣೆ ಕಳೆದಿದ್ದವು. ರಾಚಮ್ಮನ ಬೆರಳಿಗೆ ಮಸಿ ಬಿದ್ದಿತ್ತೇ ಹೊರತು ಆ ಬೆರಳು ಗುಂಡಿ ಮುಟ್ಟಿರಲಿಲ್ಲ. ಸಾಯೋದರೊಳಗೆ ಒಂದು ಸಲ ತಾನೇ ಒತ್ತಬೇಕು ಅಂತ ಅವಳಿಗೆ ಬಲು ಆಸೆಯಿತ್ತು.

ಮಾರನೇ ಬೆಳಗ್ಗೆ ಸ್ವಾಮಿ ಅವಳ ರಟ್ಟೆ ಹಿಡಿದು ಸ್ಕೂಲಿನ ಬೂತಿಗೆ ಕರೆತಂದ. ಉಳಿದ ದಿನ ಅವಳ ಬೊಗಸೆಗೆ ಮಾರುದ್ದ ಮೇಲಿಂದ ನೀರು ಹುಯ್ಯುವ ಮನುಷ್ಯ.

"ಇವ್ಳಿಗ ಕಣ್ ಕಾಣಲ್ಲ ಸಾರ್. ಜೊತ್ಗ ನಾನೇ ಓಯ್ತೀನಿ."

ಚಾಮರಾಜನಗರದಿಂದ ಬಂದಿದ್ದ ಅಧಿಕಾರಿ ತಲೆ ಎತ್ತಿದ. "ಅಮ್ಮಾ, ಇವ್ರು ನಿಮ್ಗೆ ಏನಾಗ್ಬೇಕು?"

"ಕಾಣಲ್ವಲ್ಲ ಬುದ್ದಿ, ಮುಟ್ ನೋಡೇ ಏಳ್ಬೇಕು," ಅಂದವಳೇ ರಾಚಮ್ಮ ಎರಡೂ ಕೈಯಲ್ಲಿ ಸ್ವಾಮಿಯ ಮುಖ ಹಿಡಿದಳು. ಮೂಗು ಹಿಂಡಿದಳು. ಕಿವಿ ಎಳೆದಳು. ಮೀಸೆ ತಿರುವಿದಳು. "ಒರಟಾಗದ... ಎಮ್ಮೆಯಾ? ಎಮ್ಮೆಗ ಮೀಸ ಇರಲ್ವಲ್ಲ!"

ಬೂತಿಗೆ ಬೂತೇ ಗೊಳ್ಳೆಂದಿತು. "ಕೈ ಬುಡೇ ಲೌಡಿ!" ಎಂದು ಸ್ವಾಮಿ ಕೊಸರಿಕೊಂಡ.

"ಎತ್ತೋರಲ್ಲ, ಕಟ್ಕಂಡೋರಲ್ಲ. ನನ್ ಓಟ್ಗ ಇವ್ರ್ಯಾಕ ಸಾರ್?" ರಾಚಮ್ಮ ಕಣ್ಣರಳಿಸಿ ಮೇಜಿನ ಮೇಲಿನ ಮತದಾರರ ಪಟ್ಟಿಗೆ ಬೆರಳಿಟ್ಟಳು. "ಅಗಾ, ನನ್ ಫೋಟ. ಮೂಗ್ಬಟ್ಟೂ ಕಾಣ್ತದ."

"ಕಣ್ಣು ಚೆನ್ನಾಗೇ ಇದೆಯಲ್ಲ! ಸ್ವಾಮಿ, ನೀವು ಆಚೆ ನಡೀರಿ," ಎಂದ ಅಧಿಕಾರಿ.

ರಟ್ಟಿನ ಮರೆಯಲ್ಲಿ ಅವಳು ಬೆರಳನ್ನು ಗುಂಡಿಯ ಮೇಲಿಟ್ಟಳು. ಒತ್ತಿದಳು. ಕೀಂ ಅಂತು. ಅಯ್ಯೋ ಶಿವನೇ, ಇಷ್ಟೇನಾ, ಇದಕ್ಕಾ ಇಷ್ಟು ವರ್ಷ ಅಂತ ನಗುವೂ ಬಂತು, ಅಳುವೂ ಬಂತು.

ಹೊರಗೆ ಸ್ವಾಮಿ ಹಲ್ಲು ಕಡಿದ. "ನಾಳಿಂದ ಕಣಕ್ ಕಾಲಿಟ್ಟೀಯೆ, ಮುರ್ದುಬುಡ್ತೀನಿ!"

"ಕುರುಡಿ ಕೈಲಿ ಏನ್ ಅರಿಶ್ನ ಆರಿಸ್ತೀರಿ, ಬುಡಿ ಬುದ್ದಿ," ಅಂದಳು. ನಾಳೆ ಹಿಟ್ಟಿಗೇನು ಗತಿ ಅಂತ ಅವಳಿಗೂ ಗೊತ್ತಿರಲಿಲ್ಲ. ಆದರೂ ಕಣ್ಣು ತಗ್ಗಿಸಲಿಲ್ಲ.

ಸಾಲಿನಲ್ಲಿ ಮುಂದಿನ ಕುರುಡಿ ಮಹಾಲಕ್ಷ್ಮಮ್ಮ, ಒಳಗೆ ನಡೆದದ್ದನ್ನೆಲ್ಲ ಬಾಗಿಲಿಂದಲೇ ಕಂಡವಳು. ಅವಳ ರಟ್ಟೆ ಸ್ವಾಮಿಯ ಮಗ ಶಿವಶಂಕರನ ಕೈಯಲ್ಲಿತ್ತು. ಅವಳು ರಾಚಮ್ಮನನ್ನು ನೋಡಿದಳು, ಆಮೇಲೆ ಬಿಗಿಯಾಗಿ ಕಣ್ಣು ಮುಚ್ಚಿ ಇನ್ನೊಂದು ಕೈ ಎತ್ತಿದಳು.

"ಚಿಕ್ಬುದ್ದೀ, ನೀವ್ಯಾರು ಅಂತ ಒಸಿ ಮುಟ್ ನೋಡನಾ?"

ಶಿವಶಂಕರ ಅವಳ ರಟ್ಟೆ ಬಿಟ್ಟು, ಎರಡೂ ಕೈಯಲ್ಲಿ ತನ್ನ ಮೂಗು ಮುಚ್ಚಿಕೊಂಡ.